ಹತ್ತೊಂಬತ್ತನೇ ಸುತ್ತು

ಪರೇಲಿನ ಸೆಂಟರಿನಲ್ಲಿ ಎದೆಗೆ ತಂತಿ ಅಂಟಿಸಿ
ಓಡುವ ಪಟ್ಟಿ ಹತ್ತಿಸುತ್ತಿದ್ದರು;
ನಡೆದಷ್ಟೂ ಇದ್ದಲ್ಲೇ.
ಪಕ್ಕದ ಪಟ್ಟಿಯಲ್ಲಿ ಕುಟಿನ್ಹೊ, ರಿಟೈರಾದ ಮೋಟರ್‌ಮನ್,
"ಮುಂದಿನ ಸ್ಟೇಷನ್ ಕರೀ ರೋಡ್" ಎನ್ನುತ್ತಿದ್ದ.
ನಕ್ಕರೆ ಇಬ್ಬರದೂ ಹೊಲಿಗೆ ಎಳೆಯುತ್ತಿತ್ತು.

ಜೋಗೇಶ್ವರಿಯಿಂದ ನೂಕಾಡುವ ಲೋಕಲ್, ಆಮೇಲೆ ಸೇತುವೆ,
ಜೊತೆಗೆ ಬರುವ ಹೆಂಡತಿಯ ಅರ್ಧ ದಿನದ ಕೂಲಿ.
ಬಿಟ್ಟೆ.

ಈಗ ಚಾಳಿನ ಗ್ಯಾಲರಿ. ಆ ತುದಿಯ ನಲ್ಲಿಯಿಂದ
ಈ ತುದಿಯ ತುಳಸಿ ಡಬ್ಬಕ್ಕೆ ನಲವತ್ತೆರಡು ಹೆಜ್ಜೆ.
ಅಕ್ಕಿ ಆರಿಸುತ್ತಲೇ ಸುತ್ತು ಎಣಿಸುವ ಶೇವಂತಾಬಾಯಿ
ಕದ್ದರೆ ಮರಾಠಿಯಲ್ಲಿ ಬೈಯುತ್ತಾಳೆ.
ಗುರುವಾರ ನರ್ಸಿನ ಫೋನು: ನಾಡಿ ಎಷ್ಟು?
ಎರಡರ ಗುಣವೂ ಸಮ, ಅನ್ನುತ್ತಾರೆ ಡಾಕ್ಟರು.

ಇರಬಹುದು.
ಹತ್ತೊಂಬತ್ತನೇ ಸುತ್ತಿಗೆ ದಮ್ಮು ಹತ್ತಿ
ಕಂಬಿ ಹಿಡಿದು ನಿಂತಾಗ
ಕೆಳಗೆ ಬೋರಿವಲಿ ಗಾಡಿ ಹಾದುಹೋಯಿತು.
ಕರೀ ರೋಡ್, ಅಂದೆ,
ಪಕ್ಕಕ್ಕೆ ತಿರುಗಿ.