ಸಹ ಅರ್ಜಿದಾರ

ಗಂಡನ ಹೆಸರು ಹೇಳಬಾರದು ಅನ್ನುತ್ತಿದ್ದರು ಅತ್ತೆ.
ಸುಂಕದಕಟ್ಟೆ ಶಾಖೆಯ ಹುಡುಗಿ
ಗಾಜಿನಾಚೆಯಿಂದ ಮೂರು ಸಲ ಹೇಳಿಸಿದಳು:
ತಿಮ್ಮರಾಯಿ. ತಿಮ್ಮರಾಜು ಅಲ್ಲ. ತಿಮ್ಮರಾಯಿ.

ಆಮೇಲೆ ಪರದೆ ತಿರುಗಿಸಿದಳು.
ನನ್ನದು ಏಳುನೂರ ಎಂಬತ್ತೊಂದು,
ಇವರದು ಐನೂರ ತೊಂಬತ್ತಾರು.
ಕೂಡಿಸಿ ಎರಡರಿಂದ ಭಾಗಿಸಲ್ವಾ, ಅಂದೆ.
ಮನೆಯಲ್ಲಿ ಒಂದೇ ಮೊಟ್ಟೆ ಉಳಿದ ದಿನ
ನಾವು ಮಾಡೋದು ಹಾಗೇ.
‘ಇಲ್ಲ ಮೇಡಂ, ಮದುವೆಯಾದರೂ ಸ್ಕೋರು ಬೇರೆಬೇರೆ.
ಜೊತೆಗೆ ಹಾಕಿದರೆ ನಮ್ಮಲ್ಲಿ ಕಡಿಮೆಯದ್ದನ್ನೇ ನೋಡೋದು.
ನೀವೊಬ್ಬರೇ ಹಾಕಿ.’

ಇವರು ಎದ್ದು ನೀರಿನ ಕ್ಯಾನಿನ ಹತ್ತಿರ ಹೋದರು.
ಲೋಟ ಇರಲಿಲ್ಲ. ಅಲ್ಲೇ ನಿಂತರು.

ಹದಿನಾಲ್ಕು ವರ್ಷದ ಕಂಡಕ್ಟರ್ ನಾನು.
ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಬೆನ್ನಿಗೆ ಬರೆದು
ಮೂರು, ಏಳು, ಹದಿನೈದು,
ದಿನಾ ಗುರುತಿಲ್ಲದವರ ಸಾಲಗಾರಳಾಗಿ
ಕಡೇ ಸ್ಟಾಪಿನೊಳಗೆ ತೀರಿಸಿದವಳು.
ಕೇಳದೆ ಇಳಿದವರ ಎರಡು ರೂಪಾಯಿ
ರಾತ್ರಿ ಡಿಪೋದಲ್ಲಿ ಬ್ಯಾಗು ಸುರಿದಾಗ
ಬೆರಳಿಗೆ ತಣ್ಣಗೆ ತಾಗುತ್ತದೆ.

ಇವರು ಯಾವುದರ ಬೆನ್ನಿಗೆ ಬರೆದಿಟ್ಟಿದ್ದರೋ.

ಹುಡುಗಿ ಬೆರಳಿಟ್ಟು ಓದಿದಳು:
ವೈಯಕ್ತಿಕ ಸಾಲ, ತೊಂಬತ್ತು ಸಾವಿರ,
ನಮ್ಮ ಲಗ್ನಪತ್ರಿಕೆ ಅಚ್ಚಾದ ತಿಂಗಳು.
ತಪ್ಪಿದ ಕಂತು ಆರು.
ಊರೆಲ್ಲ ಬಾಗಿಲು ಹಾಕಿಕೊಂಡು
ಪೀಣ್ಯದಲ್ಲಿ ಇವರ ಲೇತು ನಿಂತ ವರ್ಷ.

ಕೈ ತಾನಾಗಿ ಕೊರಳಿಗೆ ಹೋಯಿತು.
ಎರಡು ಗುಂಡು, ಒಂದು ತಾಳಿ, ಒಂದೆಳೆ ಸರ.
ಆ ವರ್ಷ ಒಂದೇ ಒಂದು ಸಲ ಕೇಳಿದ್ದರು,
ಅಡವಿಡೋಣವಾ, ಎರಡು ತಿಂಗಳ ಮಟ್ಟಿಗೆ.
ತಾಳಿ ಅಡವಿಡೋ ಮನೆಯಿಂದ ಬಂದವಳಲ್ಲ ಅಂತ
ಎರಡು ದಿನ ಮಾತಿಲ್ಲದೆ ಅನ್ನ ಬಡಿಸಿದ್ದೆ.

ಧಾರೆಯ ದಿನ ಪುರೋಹಿತರು ಹೇಳಿಸಿದ್ದು ಮೂರು ಪದ.
ಧರ್ಮ ಕೇಳಿಸಿತ್ತು.
ಕಾಮ ಕೇಳಿಸಿ ಗೆಳತಿಯರು ನಕ್ಕಿದ್ದರು.
ನಡುವಿನ ಅರ್ಥ ಮಾತ್ರ
ಓಲಗದವರ ಡೋಲಿನಡಿ ಸಿಕ್ಕಿಕೊಂಡಿತ್ತು.
ಇವತ್ತು ಎ.ಸಿ.ಯ ಗುಂಯ್ ನಡುವೆ
ಸ್ಪಷ್ಟ ಕೇಳಿಸಿತು, ಆರು ಕಂತಿನ ಸಮೇತ.

ಅರ್ಜಿ ನನ್ನೊಬ್ಬಳ ಹೆಸರಿಗೆ ಹಾಕಿ ಬಸ್ಸು ಹತ್ತಿದೆವು.
ನನಗೆ ಸೊನ್ನೆ ರೂಪಾಯಿಯ ಟಿಕೆಟ್, ಇವರಿಗೆ ಹದಿನೆಂಟರದು.
ಇಪ್ಪತ್ತು ಕೊಟ್ಟರು. ಹೊಸ ಹುಡುಗ, ಚಿಲ್ಲರೆ ಇಲ್ಲ,
ಬೆನ್ನಿಗೆ ಎರಡು ಅಂತ ಗೀಚಿದ.

ಲಗ್ಗೆರೆಯಲ್ಲಿ ಇಳಿಯುವಾಗ ಇವರು ಕೇಳಲಿಲ್ಲ.
ಇವರು ಯಾವಾಗಲೂ ಕೇಳಲ್ಲ.
ನಾನೇ ಇಸಕೊಂಡು ಇವರ ಜೇಬಿಗೆ ಹಾಕಿ
ಇನ್ನೂ ಏನಾದರೂ ಇದ್ದರೆ ಈಗಲೇ ಹೇಳಿಬಿಡಿ, ಅಂದೆ.

ಚಪ್ಪಲಿ ನೋಡಿಕೊಂಡರು.
ಒಂದಿದೆ, ಅಂದರು. ಸಣ್ಣದು.