ಒಂದೇ ಮೆಟ್ಟಿಲು

ಕಸಿಯಾಗಿ ಹನ್ನೊಂದನೆಯ ದಿನ. ಎರಡು ಬಾಗಿಲು ದಾಟಿ
ಬ್ರೋನಾ ಬರುತ್ತಾಳೆ, ಕಂಕುಳಲ್ಲಿ
ಪ್ಲಾಸ್ಟಿಕ್ಕಿನ ಒಂದು ಮೆಟ್ಟಿಲು,
ಗೇಣಿಗೂ ಕಮ್ಮಿ ಎತ್ತರ.

"ಪ್ಲೇಟ್‌ಲೆಟ್ ಇಳಿದಿದೆ. ತೂಕ ಬೇಡ, ರಬ್ಬರ್ ಪಟ್ಟಿ ಬೇಡ.
ಹತ್ತು ಸಲ ಹತ್ತು, ಸಾಕು."

ನಲವತ್ತು ವರ್ಷ ಲೀಡ್ಸಿನ ಮಾಡುಗಳಿಗೆ
ಸ್ಲೇಟು ಹೊದಿಸಿದವನು ಥ್ಯಾಕ್ರೇ,
ಏಣಿಯ ಮೆಟ್ಟಿಲು ಎಂದೂ ಎಣಿಸಿದವನಲ್ಲ.
ಈಗ ಒಳಗೆ ಯಾರದೋ ಮಜ್ಜೆ,
ಜರ್ಮನಿಯ ಹುಡುಗನೊಬ್ಬನದಂತೆ,
ಇನ್ನೂ ಮನೆ ನಂಬರು ಹುಡುಕುತ್ತಿದೆ.
ಹೊರಗೆ ತೊಡೆ ನಡುಗುತ್ತಿದೆ.

ಒಂದು. ಎರಡು.
ಮೂರಕ್ಕೆ ಡ್ರಿಪ್ಪಿನ ಕಂಬ ಹಿಡಿದ.
ಆರಕ್ಕೆ ಬೈದ.
ಅವಳು ಅದನ್ನೂ ಬರೆದುಕೊಂಡಳು:
ಬೈಯುವಷ್ಟು ಉಸಿರಿದೆ.

ಒಂಬತ್ತಕ್ಕೆ ಕುಳಿತೇಬಿಟ್ಟ.

ಒಯ್ಯಲು ಅವಳು ಬಾಗಿದಾಗ
"ಅದು ಇಲ್ಲೇ ಇರಲಿ" ಅಂದ,
ಕಿಟಕಿಯಾಚೆ, ಎದುರು ಮಾಡಿನಲ್ಲಿ
ಜಾರಿದ ಒಂದು ಸ್ಲೇಟನ್ನೇ ನೋಡುತ್ತ.