ಸೊನ್ನೆ ಪಾಯಿಂಟ್ ಸೊನ್ನೆ

ಶಾರ್ಜಾದ ರೋಲಾದಲ್ಲಿ, ಟೈಲರಂಗಡಿಗಳ ಹಿಂದಿನ ಗಲ್ಲಿಯಲ್ಲಿ
ಇದಿನಬ್ಬನ ಬಕಾಲ.
ಈಚೆ ಖುಬ್ಬೂಸು, ಆಚೆ ಫೋನಿನ ಕಾರ್ಡು,
ನಡುವೆ ಒಬ್ಬ ಅಡ್ಡಡ್ಡ ನಿಂತರೆ ಹಿಡಿಯುವಷ್ಟೇ ಜಾಗ.
ಆಗಸ್ಟಿನ ಶನಿವಾರ, ರಾತ್ರಿ ಹತ್ತೂವರೆ.
ಬಾಗಿಲು ತೆರೆದರೆ ಸಾಕು, ಕನ್ನಡಕಕ್ಕೆ ಬೆವರು.

ಫ್ರಿಜ್ಜಿನ ಕೆಳಹಲಗೆಯಲ್ಲಿ ಹೊಸ ಮಾಲು:
ಐದು ಬಾಟಲಿ, ಐದು ಊರಿನ ಚೀಟಿ,
ಎಲ್ಲದರ ಕೊರಳಿಗೂ ಒಂದೇ ತಾಯಿತ,
ಸೊನ್ನೆ ಪಾಯಿಂಟ್ ಸೊನ್ನೆ.
"ಬಿಯರಲ್ಲ ಮಾರಾಯ, ಮಾಲ್ಟು" ಎಂದ ಇದಿನಬ್ಬ
ಯಾರೂ ಕೇಳುವ ಮೊದಲೇ.
"ಡೇಟು ಇನ್ನು ಹನ್ನೆರಡೇ ದಿನ.
ಐದಕ್ಕೂ ಸೇರಿ ಹದಿನೈದು ದಿರ್ಹಮು. ಬರೆದುಕೊಳ್ಳಲಾ?"

ಬರೆದುಕೋ.

ತಾರಸಿಯ ಮೇಲೆ, ಡಿಶ್ಶುಗಳ ಕಾಡಿನಲ್ಲಿ,
ಏಸಿಗಳು ಬಿಸಿ ಉಸಿರು ಬಿಡುವ ಮೂಲೆ ತಪ್ಪಿಸಿ
ಫ್ರಿಜ್ಜಿನ ರಟ್ಟು ಹಾಸಿ ಕೂತೆವು ಮೂವರು.
ಲಿಗೋರಿ ಹನ್ನೊಂದು ವರ್ಷ ಹಡಗಿನ ಅಡುಗೆಯವ.
ರೂಲು ಅವನದೇ: ಮೊದಲು ಮೂಗು, ಆಮೇಲೆ ನಾಲಿಗೆ,
ನಡುನಡುವೆ ಖುಬ್ಬೂಸಿನ ಚೂರು.
ಅಂಕ ಬರೆಯುವವ ನಾನು,
ಡಕ್ಟಿನ ನಕ್ಷೆಯೊಂದರ ಬೆನ್ನಿನ ಮೇಲೆ.

ಜರ್ಮನಿಯದು. ತೊಳೆದು ಒಣಹಾಕಿದ ಗೋಣಿಯ ವಾಸನೆ.
ಮರ್ಯಾದಸ್ಥ. ಐದೂವರೆ.
ತುರ್ಕಿಯ ಲಿಂಬೆಯದು, ಪಾತ್ರೆ ತೊಳೆದ ಸಿಂಕು. ಎರಡು.
"ನೊರೆ ಉಂಟು, ನಂಬಿಕೆ ಇಲ್ಲ" ಎಂದ ಜಾರಪ್ಪ.
ಇರಾನಿನ ದಾಳಿಂಬೆ ಮದುವೆಮನೆ ಶರಬತ್ತು,
ಅದಕ್ಕೆ ಅಂಕವಿಲ್ಲ, ಆಶೀರ್ವಾದ ಮಾತ್ರ.

ನಾಲ್ಕನೆಯದು ಕಪ್ಪು. ಲೆಬನಾನಿನ ಯಾವುದೋ ಗುಡ್ಡದ್ದು,
ಮಾಡಿದವನ ಸಹಿ ಚೀಟಿಯ ಮೇಲೆ,
ಸಣ್ಣ ಕೊಪ್ಪರಿಗೆ, ಕೈಯಲ್ಲೇ ಕಲಕಿದ್ದಂತೆ.
ಸೀದ ಬೆಲ್ಲ. ಕಾಫಿಯ ಗಸಿ.
ನಾಲಿಗೆಯ ಬುಡದಲ್ಲಿ ಕಹಿ ಚಾಪೆ ಹಾಸಿ ಮಲಗಿತು.
ಮಾತಿಲ್ಲ ಯಾರಲ್ಲೂ.
ಕಿವಿಯ ಹಿಂದೆ, ಕುತ್ತಿಗೆಯ ನರದಲ್ಲಿ
ಒಂದು ಸಡಿಲಿಕೆ ಬರಬೇಕಲ್ಲ, ಕಾದೆವು.
ಟ್ಯಾಂಕರೊಂದು ಕೆಳಗೆ ಕೂಗುತ್ತ ಹಿಂದೆ ಹೋಯಿತು, ನಿಂತಿತು.
"ಎಂಟು" ಎಂದ ಲಿಗೋರಿ. ತೇಗಿದ.
"ಏಳು ಹಾಕು."

ಜಾರಪ್ಪನ ಅಪ್ಪ ಮೂರ್ತೆದಾರ.
ಕಳ್ಳು ನಾಲಿಗೆಗೆ ತಾಗಿಸಿ ಹೇಳುತ್ತಿದ್ದನಂತೆ
ಯಾವ ಮರ, ಬೆಳಗಿನದೋ ಬೈಗಿನದೋ.
"ಇಳಿಸಿದ ಮೇಲೂ ಅದು ಕೊಡದೊಳಗೆ ಕೂತು
ಗುಸುಗುಸು ಮಾತಾಡುತ್ತಲೇ ಇರುತ್ತದೆ" ಎಂದ,
ಬಾಟಲಿಗೆ ಕಿವಿ ಇಟ್ಟ. "ಇದಕ್ಕೆ ಬಾಯಿ ಹೊಲಿದಿದ್ದಾರೆ."

ಹನ್ನೆರಡಕ್ಕೆ ಶಟರು ಎಳೆದು
ಲೆಕ್ಕದ ಪುಸ್ತಕ, ಹುರಿಗಡಲೆ ಹಿಡಿದು ಬಂದ ಇದಿನಬ್ಬ.
ಹುಟ್ಟಿದ ಮೇಲೆ ಬಿಯರಿನ ಬಾಗಿಲನ್ನೂ ಮೂಸದವ,
ಈ ಮಾಲ್ಟನ್ನೂ ಬರೀ ಮಾರಿದವ.
ಐದನೆಯದು ತೆರೆದೆವು. ಅಜ್ಮಾನಿನದು, ಸಾದಾ.
ಚೀಟಿ ಎರಡು ಸಲ ಓದಿ, ಬಿಸ್ಮಿ ಹೇಳಿ, ಗುಟುಕರಿಸಿದ.

"ಬಾರ್ಲಿ" ಎಂದ. "ತುಸು ಹೆಚ್ಚೇ ಹುರಿದಿದ್ದಾರೆ.
ಆಮೇಲೆ ಸೌತೆಕಾಯಿ ತೊಟ್ಟಿನ ಕಹಿ.
ನಿಲ್ಲಿ, ನಿಲ್ಲಿ...
ಕಾವಲಿಗೆ ಅಂಟಿದ ರೊಟ್ಟಿಯ ಸಿಹಿ."
ಉಳಿದ ನಾಲ್ಕರ ತಳವನ್ನೂ ಬಗ್ಗಿಸಿ ನೋಡಿದ:
ಗೋಣಿಯೊಳಗೆ ಜೇನು ಸಿಕ್ಕಿತು,
ಸಿಂಕಿನೊಳಗೆ ನಿಜವಾದ ಲಿಂಬೆಯ ಎಲೆ,
ಕಪ್ಪಿನೊಳಗೆ ಒಣದ್ರಾಕ್ಷಿ, ಮತ್ತೆ
"ಹೆಸರು ಬಾಯಿಗೆ ಬರುತ್ತಿಲ್ಲ, ಮಳೆ ಬಿದ್ದ ಕಬ್ಬಿಣದ ಹಾಗೆ."

ನಾನು ನಕ್ಷೆ ಮಡಚಿದೆ. ಅದರ ತುಂಬ
ಇಲ್ಲ, ಇಲ್ಲ, ಸಾಲದು, ಇಲ್ಲ.

"ಅಸಲಿಯಲ್ಲಿ ಇದಕ್ಕಿಂತ ಏನು ಜಾಸ್ತಿ?" ಕೇಳಿದ.
ಲಿಗೋರಿ ಬಾಯಿ ತೆರೆದ. ಹಡಗು, ಆಂಟ್ವರ್ಪ್,
ನೆಲಮಾಳಿಗೆ, ಹೆಸರು ಮರೆತ ಒಬ್ಬಳು,
ಏನೇನೋ ಬಂದಿರಬೇಕು ಗಂಟಲಿನವರೆಗೆ.
"ಮರುದಿನದ ತಲೆನೋವು" ಎಂದು ಗಡಲೆಗೆ ಕೈಹಾಕಿದ.

ಇದಿನಬ್ಬ ಪುಸ್ತಕ ತೆರೆದ.
ಮಾಲ್ಟು ಐದು ಅಂತ ಇದ್ದದ್ದನ್ನು ಹೊಡೆದು
ನಾಲ್ಕು ಎಂದು ಬರೆದ, ಹನ್ನೆರಡು ದಿರ್ಹಮು.
ಐದನೆಯದು ಎಡಗೈಯಲ್ಲೇ ಇತ್ತು,
ಇನ್ನೂ ಕಾಲು ಭಾಗ.